ಶುಕ್ರವಾರ ಮಾರಿದ ಪುಟ್, ಸೋಮವಾರದ ಗ್ಯಾಪ್‌ಡೌನ್: ಹೆದರಿ ಮುಚ್ಚಿದ್ದು ತಪ್ಪಾಯಿತಾ?

ಬೆಣ್ಣೆನಗರಿ | ಶನಿವಾರ, 12 ಏಪ್ರಿಲ್ 2025, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಎರಡು ವರ್ಷದಿಂದ ನಿಫ್ಟಿ ಆಪ್ಷನ್ ಮಾಡುತ್ತಿದ್ದೇನೆ, ಅಂದರೆ ನಿಫ್ಟಿ ಷೇರು ಸೂಚ್ಯಂಕ ಏರುತ್ತದೋ ಇಳಿಯುತ್ತದೋ ಅನ್ನುವುದರ ಮೇಲಿನ ಒಪ್ಪಂದಗಳ ವ್ಯಾಪಾರ. ಮಾರುವುದೇ ಹೆಚ್ಚು, ಕೊಳ್ಳುವುದು ಕಮ್ಮಿ. ಈ ವಾರ ಆದದ್ದನ್ನು ಇನ್ನೂ ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಏಪ್ರಿಲ್ 4, ಶುಕ್ರವಾರ ಮಧ್ಯಾಹ್ನ 22,500ರ ಪುಟ್ ಎರಡು ಲಾಟ್ ಮಾರಿದೆ. ಎಕ್ಸ್‌ಪೈರಿಗೆ ನಿಫ್ಟಿ ಆ 22,500ಕ್ಕಿಂತ (ಅದೇ ಸ್ಟ್ರೈಕ್) ಎಷ್ಟು ಕೆಳಗಿದೆಯೋ ಅಷ್ಟು ದುಡ್ಡು ಪುಟ್ ಮಾರಿದವನು ಕೊಡಬೇಕು. ಲಾಟ್ ಅಂದರೆ ಒಂದು ಕಂತೆ, ಆಗ ಲಾಟಿಗೆ 75, ಒಟ್ಟು 150. ಒಂದೊಂದಕ್ಕೆ ಪ್ರೀಮಿಯಂ (ಮಾರಿದ ಬೆಲೆ) 60 ರೂಪಾಯಿ ಸಿಕ್ಕಿತು. 10ನೇ ತಾರೀಖು ಮಹಾವೀರ ಜಯಂತಿ ರಜೆ, ಹಾಗಾಗಿ ಎಕ್ಸ್‌ಪೈರಿ (ಒಪ್ಪಂದ ಮುಗಿಯುವ ದಿನ) ಬುಧವಾರ 9ಕ್ಕೇ ಇತ್ತು. ಮಾರಿದ ಆ ಶುಕ್ರವಾರ ನಿಫ್ಟಿ 22,904ಕ್ಕೆ ಮುಗಿಯಿತು. ನನ್ನ ಸ್ಟ್ರೈಕ್ 400 ಪಾಯಿಂಟ್ ಕೆಳಗಿದೆ, ಇನ್ನು ಮೂರು ದಿನ ಕಳೆದರೆ 9,000 ರೂಪಾಯಿ ನನ್ನದು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಅಮೆರಿಕದ ಪೇಟೆ ಬಿದ್ದ ಸುದ್ದಿ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ಭಾನುವಾರ ರಾತ್ರಿ ಸ್ಟಾಪ್‌ಲಾಸ್ (ಪುಟ್ ಬೆಲೆ ಏರಿದರೆ ತಾನಾಗಿ ಕೊಂಡು ಮುಚ್ಚುವ ಆರ್ಡರ್) ಹಾಕಿಟ್ಟು ಮಲಗಿದೆ. ಟ್ರಿಗರ್ (ಆರ್ಡರ್ ಜಾಗೃತವಾಗುವ ಬೆಲೆ) 120, ಲಿಮಿಟ್ (ನಾನು ಕೊಡಲು ಸಿದ್ಧವಿದ್ದ ಗರಿಷ್ಠ ಬೆಲೆ) 130. ಸೋಮವಾರ 9:15ಕ್ಕೆ ನಿಫ್ಟಿ ತೆರೆದದ್ದೇ 21,758ಕ್ಕೆ. ಗ್ಯಾಪ್‌ಡೌನ್ ಅನ್ನುವುದು ಇದಕ್ಕೇ. ನನ್ನ ಆರ್ಡರ್ ಟ್ರಿಗರ್ ಆಯಿತು, ಆದರೆ ತುಂಬಲಿಲ್ಲ. 130ಕ್ಕೆ ಕೊಡುವವರು ಯಾರಿದ್ದಾರೆ? ಪುಟ್ ಆಗಲೇ 700 ದಾಟಿ ಓಡುತ್ತಿತ್ತು. ಜೊತೆಗೆ ಮಾರ್ಜಿನ್ (ಬ್ರೋಕರ್ ಹತ್ತಿರ ಇಡಬೇಕಾದ ಠೇವಣಿ) ಸಾಲದು ಅಂತ ಮೆಸೇಜ್ ಬಂತು. ಕೈ ನಡುಗುತ್ತಿತ್ತು. 790ಕ್ಕೆ ಕೊಂಡು ಮುಚ್ಚಿದೆ. 730 ರೂಪಾಯಿ ಇಂಟು 150, ಅಂದರೆ 1,09,500 ನಷ್ಟ.

ಈಗ ನಿದ್ದೆ ಕೆಡಿಸುತ್ತಿರುವ ವಿಷಯ ಬೇರೆ. ಮಂಗಳವಾರ ನಿಫ್ಟಿ 22,535ಕ್ಕೆ ಹತ್ತಿತು. ಬುಧವಾರ ಎಕ್ಸ್‌ಪೈರಿ 22,399ಕ್ಕೆ ಆಯಿತು. ನಾನು ಸುಮ್ನೆ ಕೂತಿದ್ದರೆ ಆ ಪುಟ್‌ನ ಬೆಲೆ 101 ರೂಪಾಯಿ, ನಷ್ಟ 6,150 ಮಾತ್ರ. ಲಕ್ಷ ಎಲ್ಲಿ, ಆರು ಸಾವಿರ ಎಲ್ಲಿ! ನಾನು ಹೆದರಿದ್ದು ತಪ್ಪಾಯಿತಾ? ಅನುಭವ ಇರುವವರು ದಯವಿಟ್ಟು ಹೇಳಿ.

ಖಾತೆಯಲ್ಲಿ ಇದ್ದದ್ದು 5 ಲಕ್ಷ. ಸೈಟಿನಲ್ಲಿ ಮನೆ ಕಟ್ಟೋಕೆ ಅಂತ ಕೂಡಿಟ್ಟ ದುಡ್ಡು. ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಜಯನಗರ 4ನೇ ಬ್ಲಾಕ್ | 12 ಏಪ್ರಿಲ್, 11:05

ನೀವು ಮುಚ್ಚಿದ್ದು ಸರಿ. ತಪ್ಪು ಆದದ್ದು ಸೋಮವಾರ 9:20ಕ್ಕಲ್ಲ, ಶುಕ್ರವಾರ ಮಧ್ಯಾಹ್ನ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆ ಶುಕ್ರವಾರ ನಾನೂ ಪರದೆ ಮುಂದೆ ಇದ್ದೆ.

ಬುಧವಾರದ ಬೆಲೆ ಇಟ್ಟುಕೊಂಡು ಸೋಮವಾರದ ತೀರ್ಮಾನವನ್ನು ಅಳೆಯಬೇಡಿ. 2020ರ ಮಾರ್ಚ್‌ನ ಎರಡು ದಿನ ನೆನಪು ಮಾಡಿಕೊಳ್ಳಿ. ಮಾರ್ಚ್ 13ರಂದು ಬೆಳಿಗ್ಗೆಯೇ ನಿಫ್ಟಿ 10% ಬಿದ್ದು ವಹಿವಾಟು 45 ನಿಮಿಷ ನಿಂತಿತು. ಮತ್ತೆ ಶುರುವಾದ ಮೇಲೆ 8,555ರಿಂದ ಎದ್ದು ಸಂಜೆ 9,955ಕ್ಕೆ ಮುಗಿಯಿತು, ಹಿಂದಿನ ದಿನಕ್ಕಿಂತ ಮೇಲೆ. ಹತ್ತು ದಿನ ಬಿಟ್ಟು ಮಾರ್ಚ್ 23. ಅವತ್ತೂ 10% ಬಿತ್ತು, ಅವತ್ತೂ 45 ನಿಮಿಷ ನಿಂತಿತು. ಶುರುವಾದ ಮೇಲೆ ಇನ್ನೂ ಬಿತ್ತು. ಸುಮಾರು 13% ಕಳೆದುಕೊಂಡು 7,610ಕ್ಕೆ ಮುಗಿಯಿತು. 13ರಂದು ಕಾದವನು ಉಳಿದ. ಅದೇ ಪಾಠ ಹಿಡಿದು 23ರಂದು ಕಾದವನು ಮುಳುಗಿದ. ಬೆಳಿಗ್ಗೆ 9:20ಕ್ಕೆ ಎರಡೂ ದಿನ ನೋಡೋಕೆ ಒಂದೇ ಥರ ಇದ್ದವು. ನಿಮಗೆ ಸಿಕ್ಕ ಸೋಮವಾರ 13ರ ಥರ ತಿರುಗಿತು, ಅಷ್ಟೇ.

ಈಗ ಶುಕ್ರವಾರಕ್ಕೆ ಬರೋಣ. ಟ್ರಂಪ್ ಸುಂಕ ಘೋಷಿಸಿದ್ದು ಏಪ್ರಿಲ್ 2ರಂದು. ಗುರುವಾರ ಅಮೆರಿಕದ ಷೇರು ಸೂಚ್ಯಂಕ ಎಸ್ ಅಂಡ್ ಪಿ 500 ಸುಮಾರು 5% ಬಿದ್ದಿತ್ತು. ಇಷ್ಟೆಲ್ಲ ಆಗುತ್ತಿದ್ದರೂ ನಮ್ಮ ಇಂಡಿಯಾ ವಿಐಎಕ್ಸ್ ಶುಕ್ರವಾರ 13.76ರಲ್ಲಿ ತಣ್ಣಗೆ ಕೂತಿತ್ತು. ವಿಐಎಕ್ಸ್ ಅನ್ನುವುದು ನಿಫ್ಟಿ ಆಪ್ಷನ್ ಬೆಲೆಗಳಿಂದಲೇ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ಲೆಕ್ಕ ಹಾಕುವ ಅಂಕಿ. ಮುಂದಿನ 30 ದಿನದಲ್ಲಿ ಪೇಟೆ ಎಷ್ಟು ಅಲ್ಲಾಡಬಹುದು ಅಂತ ಜನ ಅಂದುಕೊಂಡಿದ್ದಾರೆ ಅನ್ನುವುದನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತದೆ. ದಿನದ ಲೆಕ್ಕ ಬೇಕಾದರೆ 16ರಿಂದ ಭಾಗಿಸಿ. ವರ್ಷಕ್ಕೆ 252 ವಹಿವಾಟಿನ ದಿನ, ಅದರ ವರ್ಗಮೂಲ ಸುಮಾರು 16. 13.76 ಅಂದರೆ ದಿನಕ್ಕೆ 0.86%, ನಿಫ್ಟಿಯಲ್ಲಿ ಸುಮಾರು 200 ಪಾಯಿಂಟ್. ಅಂದರೆ ಊರಿಗೆ ಬೆಂಕಿ ಬಿದ್ದಿದೆ, ನೀವು ಮಾಮೂಲಿ ದಿನದ ರೇಟಿಗೆ ವಿಮೆ ಮಾರಿದ್ದೀರಿ. ಸೋಮವಾರ ವಿಐಎಕ್ಸ್ ಒಂದೇ ದಿನದಲ್ಲಿ 65% ಏರಿ 22.79ಕ್ಕೆ ಹೋಯಿತು.

ಇನ್ನೊಂದು ವಿಷಯ. ನಮ್ಮ ಪೇಟೆ 3:30ಕ್ಕೆ ಮುಚ್ಚುತ್ತದೆ. ಚೀನಾ 34% ಪ್ರತಿಸುಂಕ ಹಾಕಿದ ಸುದ್ದಿ ಪೂರ್ತಿ ಹರಡುವಾಗ ನಮ್ಮ ಬಾಗಿಲು ಹಾಕಿ ಆಗಿತ್ತು. ಶುಕ್ರವಾರ ರಾತ್ರಿ ಎಸ್ ಅಂಡ್ ಪಿ ಮತ್ತೆ ಸುಮಾರು 6% ಬಿತ್ತು. ನಾವು ಮಾತ್ರ ಸೋಮವಾರದ ತನಕ ಕೈ ಕಟ್ಟಿ ಕೂರಬೇಕು. ಈ ರಾತ್ರಿಗಳೇ ಸೂಚ್ಯಂಕದ ವ್ಯಾಪಾರದಲ್ಲಿ ನಿಜವಾದ ಅಪಾಯ. ಹಗಲಿನ ಅಲ್ಲಾಟ ಎಷ್ಟೋ ವಾಸಿ, ಹೊರಗೆ ಬರೋಕೆ ಬಾಗಿಲಾದರೂ ತೆರೆದಿರುತ್ತದೆ.

ಹುಬ್ಬಳ್ಳಿ ಅಕ್ಕ | 12 ಏಪ್ರಿಲ್, 11:40

ತಮ್ಮಾ, ಒಂದು ಲಕ್ಷ ದೊಡ್ಡ ದುಡ್ಡು. ಆದರೆ ಮೊದಲು ಮನೆಯಲ್ಲಿ ಹೇಳಿ. ನಾನೂ ಮುಚ್ಚಿಟ್ಟವಳೇ, ಅದಕ್ಕೇ ಹೇಳುತ್ತಿದ್ದೇನೆ. ಮುಚ್ಚಿಟ್ಟ ನಷ್ಟವನ್ನು ಮನಸ್ಸು ಬೇಗ ವಾಪಸ್ ತರೋಕೆ ನೋಡುತ್ತದೆ. ಆಗಲೇ ಎರಡನೇ ಲಕ್ಷ ಹೋಗುವುದು.

ನನ್ನದು 2024ರ ಜೂನ್ 4, ಲೋಕಸಭಾ ಫಲಿತಾಂಶದ ದಿನ. ಹಿಂದಿನ ದಿನ ಎಕ್ಸಿಟ್ ಪೋಲ್ ನಂಬಿ ನಿಫ್ಟಿ 733 ಪಾಯಿಂಟ್ ಏರಿ 23,263ಕ್ಕೆ ಮುಗಿದಿತ್ತು. ನಾನು ಆಗ ಏನೂ ಮಾಡಲಿಲ್ಲ, ಜಾಣೆ ಅಂದುಕೊಂಡಿದ್ದೆ. 4ರಂದು ಎಣಿಕೆ ಶುರುವಾಗಿ ಪೇಟೆ ಕುಸಿಯುತ್ತಾ ಹೋಯಿತು. ಮಧ್ಯಾಹ್ನದ ಹೊತ್ತಿಗೆ ತಡೆಯೋಕೆ ಆಗಲಿಲ್ಲ. ನಿಫ್ಟಿ 21,300ರ ಹತ್ತಿರ ಇದ್ದಾಗ ಪುಟ್ ಕೊಂಡೆ. ಇನ್ನೂ ಬೀಳುತ್ತದೆ ಅಂತ ಖಾತ್ರಿ ಇತ್ತು. ಅವತ್ತಿನ ತಳ 21,281. ನಾನು ಕೊಂಡದ್ದು ತಳದಲ್ಲೇ. ಸಂಜೆ 21,884ಕ್ಕೆ ಮುಗಿಯಿತು. ಮಾರನೆಯ ದಿನ 735 ಪಾಯಿಂಟ್ ವಾಪಸ್. ಜೂನ್ 7ಕ್ಕೆ ನಿಫ್ಟಿ 23,290. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ!

ನನಗೆ ಆಗ ಅರ್ಥವಾಗದೇ ಇದ್ದದ್ದು ಏನು ಗೊತ್ತಾ? ಭಯ ತುದಿಗೆ ಹೋದಾಗ ಪುಟ್ ತುಂಬಾ ದುಬಾರಿ ಆಗಿರುತ್ತದೆ. ಅವತ್ತು ವಿಐಎಕ್ಸ್ 30 ದಾಟಿತ್ತು. ಮರುದಿನ ಅದು 20ರ ಕೆಳಗೆ ಇಳಿಯಿತು. ನಿಫ್ಟಿ ಏರಿದ್ದಕ್ಕೆ ಒಂದು ಪೆಟ್ಟು, ವಿಐಎಕ್ಸ್ ಇಳಿದದ್ದಕ್ಕೆ ಇನ್ನೊಂದು. ನನ್ನ ಪುಟ್ ಬೆಲೆ ಕರಗಿದ್ದು ನೋಡಿದರೆ ಬೆಲ್ಲ ನೀರಿಗೆ ಹಾಕಿದ ಹಾಗೆ ಇತ್ತು. ಕೊಂಡವಳು ಅಂತ ಹಾಕಿದ ದುಡ್ಡಿನಷ್ಟೇ ಹೋಯಿತು. ಅದೊಂದು ಪುಣ್ಯ.

ಮೈಸೂರು ನಿವೃತ್ತ | 12 ಏಪ್ರಿಲ್, ಮಧ್ಯಾಹ್ನ 12:30

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಷೇರು ವಿನಿಮಯ ಕೇಂದ್ರ ಇದ್ದ ಕಾಲದಿಂದ ಪೇಟೆ ನೋಡಿದ್ದೇನೆ. ಮಗಾ, ನಿನಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ. ಮನೆ ಕಟ್ಟುವ ದುಡ್ಡನ್ನು ಇಲ್ಲಿಗೆ ತರಬಾರದಿತ್ತು.

ಬೀಳುವುದು ಮಾತ್ರ ಅಪಾಯ ಅಂತ ತಿಳಿದವರಿಗೆ 2009ರ ಮೇ 18 ಹೇಳಬೇಕು. ಚುನಾವಣೆಯಲ್ಲಿ ಯುಪಿಎ ಗೆದ್ದ ಸುದ್ದಿ ಬಂದದ್ದು ಶನಿವಾರ. ಸೋಮವಾರ ಪೇಟೆ ತೆರೆದ ಕೂಡಲೇ ಮೇಲಿನ ಸರ್ಕ್ಯೂಟ್ (ವಹಿವಾಟು ನಿಲ್ಲಿಸುವ ಏರಿಕೆಯ ಮಿತಿ) ಮುಟ್ಟಿ ನಿಂತಿತು. ಮತ್ತೆ ತೆರೆದರು, ಮತ್ತೆ ಮುಟ್ಟಿತು, ಅವತ್ತಿಗೆ ಬಾಗಿಲು ಹಾಕಿದರು. ಸೆನ್ಸೆಕ್ಸ್ 2,100 ಪಾಯಿಂಟ್ ಮೇಲೆ. ವಹಿವಾಟು ನಡೆದದ್ದು ಕೆಲವೇ ಕ್ಷಣ. ಮೊದಲೇ ಮಾರಿಟ್ಟಿದ್ದವರಿಗೆ ಕೊಳ್ಳೋಕೆ ಅವಕಾಶವೇ ಸಿಗಲಿಲ್ಲ. ಐದು ವರ್ಷ ಹಿಂದೆ, 2004ರ ಮೇ 17ರಂದು, ಇದೇ ಚುನಾವಣೆ ಇದೇ ಸೋಮವಾರ, ಪೇಟೆ ಬಿದ್ದು ಎರಡು ಸಲ ನಿಂತಿತ್ತು. 2004ರಲ್ಲಿ ಕೊಂಡವರ ಗೋಳು, 2009ರಲ್ಲಿ ಮಾರಿದವರ ಗೋಳು.

ಪೇಟೆಯ ನಿಯಂತ್ರಕ ಸೆಬಿಯೇ ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೊಟ್ಟಿದೆ. 2021-22ರಿಂದ 2023-24ರ ವರೆಗೆ ಮೂರು ವರ್ಷದಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ 93% ಮಂದಿ ಕಳೆದುಕೊಂಡಿದ್ದಾರೆ. ಒಬ್ಬೊಬ್ಬರಿಗೆ ಸರಾಸರಿ 2 ಲಕ್ಷ. ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಇದರಲ್ಲಿ ಎಷ್ಟು ಮನೆಗಳ ಪಾಯ ಇದೆಯೋ ಯೋಚನೆ ಮಾಡು.

ನಾನು ತಿಂಗಳು ತಿಂಗಳು ಇಂಡೆಕ್ಸ್ ಫಂಡಿಗೆ (ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಫಂಡ್) ಹಾಕುತ್ತೇನೆ. 2020ರ ಮಾರ್ಚ್‌ನಲ್ಲೂ ನಿಲ್ಲಿಸಲಿಲ್ಲ. ಅದೂ ಸೂಚ್ಯಂಕವೇ ಅಲ್ವಾ? ರಾತ್ರಿ ನಿದ್ದೆ ಬರುತ್ತದೆ.

ಜಯನಗರ 4ನೇ ಬ್ಲಾಕ್ | 12 ಏಪ್ರಿಲ್, 1:10

ಸರ್, ನಿಮ್ಮ ಮಾತಿಗೆ ಗೌರವ ಇದೆ. ಮನೆ ದುಡ್ಡಿನ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಮಾಡಲೇಬಾರದು ಅಂದರೆ ಒಪ್ಪಲಾರೆ. ಇದು ಕಲಿತು ಮಾಡುವ ಕಸುಬು. ಅಳತೆ ತಪ್ಪಿದರೆ ಮಾತ್ರ ನುಂಗುತ್ತದೆ.

ಬೆಣ್ಣೆನಗರಿ ಅವರೇ, ನಿಮ್ಮ ಅಳತೆ ನೋಡಿ. 22,904 ಇಂಟು 150. ಅಂದರೆ 34 ಲಕ್ಷ ರೂಪಾಯಿಯ ನಿಫ್ಟಿಗೆ ನೀವು ಜವಾಬ್ದಾರಿ ಹೊತ್ತಿದ್ದೀರಿ. ಕೈಯಲ್ಲಿ ಇದ್ದದ್ದು 5 ಲಕ್ಷ. ಮಾರ್ಜಿನ್ ಅದಕ್ಕಿಂತ ಕಮ್ಮಿ ಸಾಕಾಯಿತು ಅನ್ನುವ ಒಂದೇ ಕಾರಣಕ್ಕೆ ಎರಡು ಲಾಟ್ ಹಾಕಿದಿರಿ. ಬ್ರೋಕರ್ ಎಷ್ಟು ಬಿಡುತ್ತಾನೋ ಅಷ್ಟು ಹೊರುವುದು ಲೆಕ್ಕವಲ್ಲ. ನಿಫ್ಟಿ ನಾಳೆ ಬೆಳಿಗ್ಗೆ 5% ಕೆಳಗೆ ತೆರೆದರೆ ನನ್ನ ಕೈಯಿಂದ ಎಷ್ಟು ಹೋಗುತ್ತದೆ? ಈ ಒಂದು ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಬರೆಯದೆ ನಾನು ರಾತ್ರಿ ಏನನ್ನೂ ಇಟ್ಟುಕೊಳ್ಳುವುದಿಲ್ಲ.

ಸೀಗೆಹಳ್ಳಿ ಕೋಡರ್ | 12 ಏಪ್ರಿಲ್, 3:45

ಆ ಸ್ಟಾಪ್‌ಲಾಸ್ ಬಗ್ಗೆ ಎರಡು ಮಾತು. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ಸೂಚ್ಯಂಕದ ಆಪ್ಷನ್‌ಗಳಿಗೆ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಳ್ಳುವುದು) ನಿಲ್ಲಿಸಿದೆ. ಈಗ ಇರುವುದು ಸ್ಟಾಪ್‌ಲಾಸ್ ಲಿಮಿಟ್ ಮಾತ್ರ. ಟ್ರಿಗರ್ ಮುಟ್ಟಿದರೆ ನಿಮ್ಮ ಲಿಮಿಟ್ ಬೆಲೆಗೆ ಒಂದು ಆರ್ಡರ್ ಹೋಗುತ್ತದೆ, ಅಷ್ಟೇ. ಬೆಲೆ ಆ ಲಿಮಿಟ್ ಹಾರಿ ಹೋಗಿದ್ದರೆ ಆರ್ಡರ್ ಅಲ್ಲೇ ಬಾಕಿ ಕೂರುತ್ತದೆ. ನಿಮ್ಮ ಹತ್ತು ರೂಪಾಯಿ ಅಂತರ ಮಾಮೂಲಿ ದಿನಕ್ಕೆ ಸಾಕು. 1,100 ಪಾಯಿಂಟ್ ಗ್ಯಾಪ್‌ಗೆ ಯಾವ ಅಂತರವೂ ಸಾಲದು. ಒಂದು ವೇಳೆ ಹಳೆಯ ಮಾರ್ಕೆಟ್ ಆರ್ಡರ್ ಇದ್ದಿದ್ದರೂ 700ರ ಮೇಲೇ ತುಂಬುತ್ತಿತ್ತು. ಹಾಗಾಗಿ ಸ್ಟಾಪ್‌ಲಾಸ್ ಕೈಕೊಟ್ಟಿತು ಅಂತ ಕೊರಗಬೇಡಿ. ಪೇಟೆ ಮುಚ್ಚಿರುವಾಗ ಅದು ಕಾಯುವುದೇ ಇಲ್ಲ.

ಬೆಳಿಗ್ಗೆ 6:30ಕ್ಕೆ ಗಿಫ್ಟ್ ನಿಫ್ಟಿ (ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ವ್ಯಾಪಾರ) ಶುರುವಾಗುತ್ತದೆ. ಅದನ್ನು ನೋಡಿದರೆ ಎಷ್ಟು ಏಟು ಬೀಳುತ್ತದೆ ಅಂತ ಅಂದಾಜು ಸಿಗುತ್ತದೆ. ಏಟು ತಪ್ಪಿಸೋಕೆ ಮಾತ್ರ ಆಗುವುದಿಲ್ಲ.

ಬೆಣ್ಣೆನಗರಿ | 12 ಏಪ್ರಿಲ್, 5:30

ಎಲ್ಲರಿಗೂ ಧನ್ಯವಾದ. ಎರಡೆರಡು ಸಲ ಓದಿದೆ. 34 ಲಕ್ಷ ಅನ್ನುವ ಅಂಕಿ ನೋಡಿ ಬೆವರು ಬಂತು. ಎರಡು ವರ್ಷದಲ್ಲಿ ಒಂದು ದಿನವೂ ಆ ಗುಣಾಕಾರ ಮಾಡಿರಲಿಲ್ಲ.

ಹಾಗಾದರೆ ರಾತ್ರಿ ಇಟ್ಟುಕೊಳ್ಳುವವರು ಏನು ಮಾಡುತ್ತಾರೆ? ಸೋಮವಾರ ಅಂಬೇಡ್ಕರ್ ಜಯಂತಿ ರಜೆ, ಮತ್ತೆ ಮೂರು ದಿನ ಮುಚ್ಚಿರುತ್ತದೆ. ಶುಕ್ರವಾರ 429 ಪಾಯಿಂಟ್ ಏರಿ 22,828 ಆಗಿದೆ. ಮಂಗಳವಾರ ತೆರೆದ ಕೂಡಲೇ 23,200ರ ಕಾಲ್ (ಪುಟ್‌ಗೆ ಉಲ್ಟಾ, ನಿಫ್ಟಿ ಏರಿದರೆ ಮಾರಿದವನಿಗೆ ನಷ್ಟ) ಮಾರಿ ಸ್ವಲ್ಪವಾದರೂ ವಾಪಸ್ ತರೋಣ ಅನ್ನಿಸುತ್ತಿದೆ. ವಿಐಎಕ್ಸ್ ಈಗ 20ರ ಹತ್ತಿರ ಇದೆ, ಪ್ರೀಮಿಯಂ ಚೆನ್ನಾಗಿದೆ.

ಹುಬ್ಬಳ್ಳಿ ಅಕ್ಕ | 12 ಏಪ್ರಿಲ್, 5:42

ವಾಪಸ್ ತರೋಣ ಅಂದಿರಿ ನೋಡಿ. ನಾನು ಬೆಳಿಗ್ಗೆ ಹೇಳಿದ್ದು ಇದೇ ಮಾತು. ಬೇಡ್ರಿ.

ಜಯನಗರ 4ನೇ ಬ್ಲಾಕ್ | 12 ಏಪ್ರಿಲ್, 6:20

ಅಕ್ಕ ಹೇಳಿದ್ದು ಸರಿ. ಮಂಗಳವಾರ ಏನೂ ಮಾಡಬೇಡಿ. 9ರ ರಾತ್ರಿ ಟ್ರಂಪ್ 90 ದಿನ ಸುಂಕ ತಡೆಹಿಡಿದದ್ದಕ್ಕೇ ಶುಕ್ರವಾರ ಪೇಟೆ ಹಾರಿದ್ದು. ಒಂದು ಮಾತಿಗೆ 5% ಕೆಳಗೆ, ಇನ್ನೊಂದು ಮಾತಿಗೆ 2% ಮೇಲೆ. ಇಂಥ ವಾರದಲ್ಲಿ ಕಾಲ್ ಮಾರುವವನೂ ಪುಟ್ ಮಾರುವವನೂ ಒಂದೇ ದೋಣಿಯಲ್ಲಿದ್ದಾರೆ.

ಆದರೆ ನಿಮ್ಮ ಪ್ರಶ್ನೆ ಒಳ್ಳೆಯದು, ಉತ್ತರ ಹೇಳುತ್ತೇನೆ. ಬರಿಗೈಯಲ್ಲಿ ಮಾರಬೇಡಿ. ಅವತ್ತು 22,500ರ ಪುಟ್ 60ಕ್ಕೆ ಮಾರಿದಾಗಲೇ 22,300ರ ಪುಟ್ ಅಷ್ಟೇ ಲಾಟ್ ಕೊಳ್ಳಬಹುದಿತ್ತು. 35 ರೂಪಾಯಿ ಅಂತ ಇಟ್ಟುಕೊಳ್ಳೋಣ. ಕೈಗೆ ಬರುವುದು 60ರ ಬದಲು 25. ಆದರೆ ನಿಫ್ಟಿ 21,758ಕ್ಕೆ ತೆರೆಯಲಿ, 19,000ಕ್ಕೇ ತೆರೆಯಲಿ, ಎಕ್ಸ್‌ಪೈರಿ ಲೆಕ್ಕದಲ್ಲಿ ನಷ್ಟ 175 ರೂಪಾಯಿಗೆ ನಿಲ್ಲುತ್ತದೆ. 200 ಅಂತರದಲ್ಲಿ 25 ಕಳೆದರೆ 175. ಎರಡು ಲಾಟಿಗೆ 26,250. ಒಂದೇ ಲಾಟ್ ಆಗಿದ್ದರೆ 13,125. ಕೊಂಡ ಪುಟ್ ಕಾವಲುಗಾರನ ಸಂಬಳ ಇದ್ದ ಹಾಗೆ. ಸ್ಟಾಪ್‌ಲಾಸ್ ಮಲಗಿರುವಾಗಲೂ ಅದು ಎಚ್ಚರ ಇರುತ್ತದೆ. ಮಾರ್ಜಿನ್ನೂ ಕಮ್ಮಿ ಬೀಳುತ್ತದೆ. ಆ ಕಮ್ಮಿ ಆದ ಮಾರ್ಜಿನ್ ನೋಡಿ ಲಾಟ್ ಜಾಸ್ತಿ ಮಾಡಿದರೆ ಎಲ್ಲಾ ನೀರಿನಲ್ಲಿ ಹೋಮ.

ಹೀಗೆ ಒಂದು ಮಾರಿ ಇನ್ನೊಂದು ಕೊಂಡ ಜೋಡಿಗೆ ಸ್ಪ್ರೆಡ್ ಅನ್ನುತ್ತಾರೆ, ಅದನ್ನು ಬಿಡಿಸುವಾಗ ಕ್ರಮ ನೆನಪಿಡಿ. ಮಾರಿದ್ದನ್ನು ಮೊದಲು ಮುಚ್ಚಬೇಕು, ಕೊಂಡದ್ದನ್ನು ಆಮೇಲೆ ಮಾರಬೇಕು. ತಿರುಗಾಮುರುಗಾ ಮಾಡಿದರೆ ನಡುವಿನ ಆ ಒಂದು ನಿಮಿಷ ನೀವು ಮತ್ತೆ ಬರಿಗೈ, ಮಾರ್ಜಿನ್ ಒಮ್ಮೆಲೇ ಏರುತ್ತದೆ.

ಲೆಕ್ಕಪತ್ರ | ಭಾನುವಾರ, 13 ಏಪ್ರಿಲ್, 9:15

ನಷ್ಟ ಆದ ಎಲ್ಲರಿಗೂ ಒಂದು ಕೆಲಸದ ಮಾತು. ನಾನು ತೆರಿಗೆ ಲೆಕ್ಕ ಮಾಡಿಕೊಡುವವಳು. ಎಫ್ ಅಂಡ್ ಒ ನಷ್ಟ ಅಂದರೆ ವ್ಯಾಪಾರದ ನಷ್ಟ, ತೆರಿಗೆ ಕಾನೂನಿನ ಸಟ್ಟಾ (ಊಹಾ ವ್ಯಾಪಾರ) ಲೆಕ್ಕಕ್ಕೆ ಬರುವುದಿಲ್ಲ. ಐಟಿಆರ್ 3 ಅನ್ನುವ ರಿಟರ್ನ್ ನಮೂನೆಯಲ್ಲಿ ತೋರಿಸಬೇಕು. ಸಂಬಳದ ಆದಾಯದಿಂದ ಕಳೆಯೋಕೆ ಆಗುವುದಿಲ್ಲ. ಕೊನೇ ತಾರೀಖಿನ ಒಳಗೆ ರಿಟರ್ನ್ ಹಾಕಿದರೆ 8 ವರ್ಷದ ತನಕ ಮುಂದಕ್ಕೆ ಒಯ್ಯಬಹುದು, ಮುಂದಿನ ವ್ಯಾಪಾರದ ಲಾಭಕ್ಕೆ ಹೊಂದಿಸಬಹುದು. ನಾಚಿಕೆ ಪಟ್ಟು ನಷ್ಟ ತೋರಿಸದೇ ಇರುವವರನ್ನು ಪ್ರತಿ ವರ್ಷ ನೋಡುತ್ತೇನೆ. ತೋರಿಸಿ. ಈ ಏಪ್ರಿಲ್‌ನ ನಷ್ಟ 2025-26ರ ಲೆಕ್ಕಕ್ಕೆ ಬರುತ್ತದೆ, ಕಾಂಟ್ರಾಕ್ಟ್ ನೋಟ್ (ಬ್ರೋಕರ್ ಕೊಡುವ ವಹಿವಾಟಿನ ದಾಖಲೆ) ಈಗಲೇ ತೆಗೆದಿಡಿ.

ಮೈಸೂರು ನಿವೃತ್ತ | 13 ಏಪ್ರಿಲ್, 10:00

ಇದು ಒಳ್ಳೆಯ ಮಾತು ತಾಯಿ. ಮನೆಯಲ್ಲಿ ಹೇಳಿದೆಯಾ ಮಗಾ?

ಬೆಣ್ಣೆನಗರಿ | 13 ಏಪ್ರಿಲ್, ರಾತ್ರಿ 9:50

ಹೇಳಿದೆ ಸರ್. ಸಂಜೆ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ತೋರಿಸಿಯೇ ಹೇಳಿದೆ. ಹೆಂಡತಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಆ 9,000 ಬಂದಿದ್ದರೆ ಅದರಲ್ಲಿ ಏನು ಮಾಡುತ್ತಿದ್ದಿರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಲಾಟ್ ಹಾಕುತ್ತಿದ್ದೆ, ಅಷ್ಟೇ.

ಸೀಗೆಹಳ್ಳಿ ಕೋಡರ್ | ಮಂಗಳವಾರ, 15 ಏಪ್ರಿಲ್, 9:40

ನೋಡ್ತಾ ಇದ್ದೀರಾ? 500 ಪಾಯಿಂಟ್ ಮೇಲೆಯೇ ತೆರೆದಿದೆ. ಶುಕ್ರವಾರ ಕಾಲ್ ಮಾರಿಟ್ಟವರ ಸ್ಟಾಪ್‌ಲಾಸ್‌ಗಳ ಗತಿ ನಿಮ್ಮ ಪುಟ್‌ನ ಥರವೇ. ಟ್ರಿಗರ್ ಆಗಿ ಬಾಕಿ ಕೂತಿರುತ್ತವೆ.

ಬೆಣ್ಣೆನಗರಿ | 15 ಏಪ್ರಿಲ್, ಸಂಜೆ 4:10

ನೋಡಿದೆ. 23,328ಕ್ಕೆ ಮುಗಿಯಿತು. ನಾನು ಮಾರಬೇಕು ಅಂದುಕೊಂಡಿದ್ದ 23,200ನ್ನು ನಿಫ್ಟಿ ಬೆಳಿಗ್ಗೆಯೇ ದಾಟಿ ಮೇಲೆ ಹೋಗಿತ್ತು. ಕೈ ಇಡಲಿಲ್ಲ.

ಉಳಿದಿದ್ದ 3,90,000ದಲ್ಲಿ 3,40,000 ಬ್ಯಾಂಕಿಗೆ ವಾಪಸ್ ಕಳಿಸಿದ್ದೇನೆ. ಖಾತೆ ಈಗ ಇಬ್ಬರ ಹೆಸರಿನಲ್ಲಿ ಇಡುತ್ತೇವೆ. 50,000 ಮಾತ್ರ ಬ್ರೋಕರ್ ಹತ್ತಿರ ಇದೆ. ಅದಕ್ಕೆ ಒಂದು ಲಾಟ್ ಬರಿಗೈ ಮಾರೋಕೂ ಮಾರ್ಜಿನ್ ಸಿಗುವುದಿಲ್ಲ. ಅದಕ್ಕೇ ಅಷ್ಟು ಬಿಟ್ಟಿದ್ದೇನೆ.

ಜಯನಗರದ ಅಣ್ಣ ಹೇಳಿದ 200 ಅಂತರದ ಸ್ಪ್ರೆಡ್ ಅನ್ನು ಮೂರು ತಿಂಗಳು ದುಡ್ಡು ಹಾಕದೆ ಪುಸ್ತಕದಲ್ಲಿ ಬರೆದು ನೋಡುತ್ತೇನೆ. ಪ್ರತಿ ಸಂಜೆ 3:30ಕ್ಕೆ 5% ಪ್ರಶ್ನೆಗೂ ಉತ್ತರ ಬರೆಯುತ್ತೇನೆ. ಇವತ್ತಿನ ಪುಟ ಬರೆದಾಯಿತು. ಗುರುವಾರದ ಎಕ್ಸ್‌ಪೈರಿ, 23,000 ಮತ್ತು 22,800ರ ಪುಟ್. ಬೆಲೆಗಳನ್ನು ರಾತ್ರಿ ಇಲ್ಲಿ ಹಾಕುತ್ತೇನೆ, ಲೆಕ್ಕ ತಪ್ಪಿದ್ದರೆ ತಿದ್ದಿ.